ಗದ್ದ ಮುಟ್ಟುವ ಬೋರ್ಡು

ಪಾಯಿಂಟ್ ಕುಕ್‌ನ ಮನೆಯಿಂದ ಹಿಮ ನೋಡಲು ಹೊರಟ ನಮ್ಮ ಕಾರು ಬೆಟ್ಟದ ಬುಡದಲ್ಲಿ ಒಂದು ಅಂಗಡಿಯೆದುರು ನಿಂತಿತು. ನನ್ನ ತಮ್ಮ ಹರೀಶ ಏಳು ವರ್ಷದ ಮಗಳು ಆನ್ಯಾಳಿಗೆ ಹಿಮದ ಮೇಲೆ ನಿಂತು ಜಾರುವ ಮೊದಲ ಸ್ನೋಬೋರ್ಡ್ ಕೊಡಿಸಬೇಕಿತ್ತು. ಗೋಡೆಗೆ ಒರಗಿಸಿದ್ದ ಬೋರ್ಡುಗಳಲ್ಲಿ ಅವನು ಆರಿಸಿದ್ದು ಅವಳ ತಲೆಯನ್ನೂ ಮೀರಿ ನಿಂತಿತು.

"ಬೆಳೆಯೋ ಮಗು ಅಲ್ವಾ ಅಕ್ಕ, ಮುಂದಿನ ವರ್ಷಕ್ಕೂ ಬರುತ್ತೆ," ಅಂದ.

ಮೈಸೂರಿನಲ್ಲಿ ನಮ್ಮಿಬ್ಬರ ಯೂನಿಫಾರ್ಮನ್ನೂ ಅಮ್ಮ ಹೀಗೇ ದೊಗಳೆಯಾಗಿ ಹೊಲಿಸುತ್ತಿದ್ದರು. ನಾನೂ ತಲೆಯಾಡಿಸಿದೆ.

ಕಲಿಯುವ ಮಕ್ಕಳಿಗೆ ಬೋರ್ಡು ಗದ್ದದವರೆಗೆ ಬಂದರೆ ಸಾಕು, ಉದ್ದವಾದರೆ ತಿರುಗಿಸಲಾಗದೆ ಬೀಳುತ್ತಾರೆ ಎಂದು ಅಂಗಡಿಯವಳು ಇಂಗ್ಲಿಷಿನಲ್ಲಿ ಹೇಳಿದಳು. ಹರೀಶ ನನ್ನ ಕಡೆ ತಿರುಗಿ, "ಹೇಗೋ ಅಡ್ಜಸ್ಟ್ ಮಾಡ್ಕೋತಾಳೆ ಬಿಡು," ಎಂದು ಗೊಣಗಿದ.

ಆನ್ಯಾಳಿಗೆ ಕನ್ನಡ ಚೆನ್ನಾಗಿಯೇ ಅರ್ಥವಾಗುತ್ತದೆ. ಎರಡು ಸುತ್ತು ಮಡಚಿದ ಜಾಕೆಟ್ಟಿನ ತೋಳಿನಿಂದ ಬೆರಳುಗಳನ್ನು ಹೊರತೆಗೆದು, ಪುಟ್ಟದೊಂದು ಹಳದಿ ಬೋರ್ಡನ್ನು ತಾನೇ ಎಳೆದು ತಂದಳು. ಅದರ ತುದಿಗೆ ಗದ್ದ ಆನಿಸಿ ನೆಟ್ಟಗೆ ನಿಂತಳು.

"ಅಪ್ಪಾ, ಐ ಆಮ್ ದಿಸ್ ಬಿಗ್ ಟುಡೇ."

ಹರೀಶ ಒಂದು ಕ್ಷಣ ಅವಳನ್ನೇ ನೋಡಿದ. ದೊಡ್ಡದನ್ನು ಗೋಡೆಗೆ ಒರಗಿಸಿ ಬಂದು, ಬಗ್ಗಿ ಅವಳ ತೋಳಿನ ಮಡಿಕೆ ಸರಿಮಾಡಿದ. "ಆಯ್ತು ಪುಟ್ಟಿ, ಇದೇ ತಗೊಳ್ಳೋಣ."

ಅವಳು ಬೋರ್ಡನ್ನು ತಬ್ಬಿಕೊಂಡೇ ಅವನ ಹಿಂದೆ ನಡೆದಳು. ಕೌಂಟರಿನ ಪಕ್ಕದಲ್ಲಿ ಗ್ಲೌಸುಗಳನ್ನು ತೂಗುಹಾಕಿದ್ದರು. ಹರೀಶನ ನಡಿಗೆ ಅಲ್ಲಿ ನಿಧಾನವಾಯಿತು; ಕೈ ದೊಡ್ಡ ಅಳತೆಯ ಜೋಡಿಯೊಂದರತ್ತ ಹೋಯಿತು. ಆನ್ಯಾ ಬೋರ್ಡನ್ನು ಮೆಲ್ಲಗೆ ನನ್ನ ಕೈಗಿತ್ತು, ತನ್ನ ಎರಡೂ ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು.