ಗುರುವಾರದ ಸೀತಾಫಲ

ಸೀತಾಫಲ ಹಣ್ಣಾಗುವ ವಾಸನೆ ಮೂಗಿಗೆ ಬಡಿದರೆ ಸಾಕು, ನನ್ನ ಕೈ ತಾನಾಗಿ ಅಂಗಿಯ ಜೇಬು ಮುಟ್ಟಿಕೊಳ್ಳುತ್ತದೆ. ಮೊನ್ನೆ ನಾಶಿಕದ ಮಾರುಕಟ್ಟೆಯಲ್ಲೂ ಹಾಗೇ ಆಯಿತು. ನಾನು ದುಡ್ಡು ತೆಗೆಯುತ್ತಿದ್ದೇನೆಂದು ತಿಳಿದ ಹಣ್ಣಿನವಳು "ದೌಲತಾಬಾದಿನ ಮಾಲು" ಎನ್ನುತ್ತ ತೂಗಿಯೇ ಬಿಟ್ಟಳು. ಕೆಲವು ವರ್ಷಗಳ ಹಿಂದೆ ಇದೇ ಜೇಬಿನಲ್ಲಿ ನಾನು ಕ್ರೈಸ್ತರ ದೇವರನ್ನು ಇಟ್ಟುಕೊಂಡು ಸೈಕಲ್ ಹೊಡೆದಿದ್ದೆ. ನನ್ನ ಪೆದ್ದುತನಗಳನ್ನೆಲ್ಲ ಸಾಲಾಗಿ ನಿಲ್ಲಿಸಿದರೆ ಸರದಿ ಅಂಬಡದಿಂದ ಸಿನ್ನರದವರೆಗೆ ಹೋದೀತು. ಎಲ್ಲಕ್ಕಿಂತ ಮುಂದೆ ಎದೆಯುಬ್ಬಿಸಿ ನಿಂತಿರುವುದು ಇದೇ.

ಆಗ ನಾನು ಅಂಬಡದ ಕಾರ್ಖಾನೆಯೊಂದರಲ್ಲಿ ಮೋಟಾರುಗಳಿಗೆ ತಾಮ್ರದ ತಂತಿ ಸುತ್ತುತ್ತಿದ್ದೆ. ನಾವು ಬೀದರ್ ಕಡೆಯವರು. ಬಾಡಿಗೆಯ ಒಂದೇ ಕೋಣೆಯಲ್ಲಿ ನಾನು, ಅವ್ವ, ಹೆರಿಗೆಗೆಂದು ಬಂದಿದ್ದ ಅಕ್ಕ. ಅವಳಿಗೆ ಹಿಂದೆ ಎರಡು ಸಲ ಬಸಿರು ನಿಂತಿರಲಿಲ್ಲ. ಈ ಸಲ ಹಾಸಿಗೆ ಬಿಟ್ಟು ಏಳಲೇಬಾರದು ಎಂದು ಡಾಕ್ಟರು ಹೇಳಿದ್ದರು. ಅವ್ವ ಊರಿನ ಒಂದು ಗುಡಿಯನ್ನೂ, ಒಂದು ದರ್ಗಾವನ್ನೂ ಬಿಟ್ಟಿರಲಿಲ್ಲ. ನಾನು ಎಲ್ಲಿಗೆ ಹೊರಟರೂ "ಪ್ರಸಾದ ತಗೊಂಡು ಬಾ" ಎನ್ನುತ್ತಿದ್ದಳು. ಸಿನೆಮಾಕ್ಕೆ ಹೊರಟರೂ ಅನ್ನುತ್ತಿದ್ದಳೋ ಏನೋ, ಅದಕ್ಕೇ ಹೇಳದೆ ಹೋಗುತ್ತಿದ್ದೆ.

ಕಾರ್ಖಾನೆಯ ಗೆಳೆಯನೊಬ್ಬ ಚರ್ಚಿನ ಹಬ್ಬಕ್ಕೆ ಕರೆದ. ಊಟ ಇದೆ ಎಂದ ಮೇಲೆ ನನಗೆ ಯಾವ ಧರ್ಮವೂ ಅಡ್ಡ ಬರುವುದಿಲ್ಲ. ಅವತ್ತಿನ ಪೂಜೆ ನಿವೃತ್ತರಾದ ಬಿಷಪ್ ಒಬ್ಬರದು. ಆಯುಷ್ಯವನ್ನೆಲ್ಲ ಔರಂಗಾಬಾದ್ ಕಡೆಯ ಹಳ್ಳಿಗಳಲ್ಲಿ ಕಳೆದವರು. ಕೆಲವರು ಆ ಊರನ್ನು ಆಗಲೇ ಸಂಭಾಜಿನಗರ ಎನ್ನಲು ಶುರುಮಾಡಿದ್ದರು. ಬಿಷಪ್ಪರು ಕೆಲವು ತಿಂಗಳ ಮಟ್ಟಿಗೆ ನಾಶಿಕಕ್ಕೆ ಬಂದು ಚರ್ಚಿನ ಹಿಂದಿನ ಕೋಣೆಯಲ್ಲಿ ಇಳಿದಿದ್ದರು.

ನಡುವೆ ಜನ ಎದ್ದು ಸಾಲು ಕಟ್ಟಿದರು. ಸಾಲು ಕಂಡರೆ ಹೋಗಿ ನಿಲ್ಲುವುದು ನನ್ನ ಹುಟ್ಟುಗುಣ, ಮುಂದೆ ಸಿಗುವುದು ಸಕ್ಕರೆಯೋ ಸೀಮೆಎಣ್ಣೆಯೋ ಆಮೇಲಿನ ಮಾತು. ಮುಂದಿದ್ದವರೆಲ್ಲ ಬಿಷಪ್ಪರ ಎದುರು ನಾಲಿಗೆ ಚಾಚುತ್ತಿದ್ದರು. ಅವರು ಅದರ ಮೇಲೆ ತೆಳ್ಳನೆಯ ಬಿಳಿ ರೊಟ್ಟಿಯ ಬಿಲ್ಲೆ ಇಡುತ್ತಿದ್ದರು. ದೊಡ್ಡವರಿಗೆ ನಾಲಿಗೆ ಚಾಚಬಾರದೆಂದು ಅವ್ವ ಹೊಡೆದು ಕಲಿಸಿದ್ದಳು. ನಾನು ತೀರ್ಥಕ್ಕೆ ಒಡ್ಡುವ ಹಾಗೆ ಬೊಗಸೆಯೊಡ್ಡಿದೆ. ಅವರು ಒಂದು ಕ್ಷಣ ತಡೆದು, ನನ್ನ ಮುಖ ನೋಡಿ, ಕೈಯಲ್ಲೇ ಇಟ್ಟರು. ನಾನು ಕಣ್ಣಿಗೊತ್ತಿಕೊಂಡು, ಅಕ್ಕನಿಗೆಂದು ಜೇಬಿಗೆ ಇಳಿಸಿದೆ.

ಚರ್ಚನ್ನು ನೋಡಿಕೊಳ್ಳುತ್ತಿದ್ದ ಕಾಕಾ ಅದನ್ನು ಕಂಡು, ಕೂಗುತ್ತ ಬೀದಿಯವರೆಗೂ ಅಟ್ಟಿಸಿಕೊಂಡು ಬಂದ. ದಕ್ಷಿಣೆ ಕೇಳುತ್ತಿದ್ದಾನೆಂದು ತಿಳಿದು ನಾನು ಪೆಡಲನ್ನು ಇನ್ನಷ್ಟು ಜೋರಾಗಿ ತುಳಿದೆ. ಆ ಗಡಿಬಿಡಿಯಲ್ಲಿ ಊಟವೂ ತಪ್ಪಿತು.

ಸಂಜೆ, ಗೆಳೆಯನಿಂದ ಮನೆ ತಿಳಿದುಕೊಂಡು, ಬಿಷಪ್ಪರೇ ನಮ್ಮ ಬಾಗಿಲಲ್ಲಿ ನಿಂತಿದ್ದರು, ಹಿಂದೆ ಏದುಸಿರು ಬಿಡುತ್ತ ಕಾಕಾ. ಬಿಲ್ಲೆ ಅಷ್ಟರಲ್ಲಿ ನಮ್ಮ ದೇವರ ಜಗಲಿಯ ಮೇಲೆ, ತಾಮ್ರದ ತಟ್ಟೆಯಲ್ಲಿ ಕುಳಿತಿತ್ತು. ಮುಂದೆ ದೀಪ, ಬದಿಗೆ ವಿಭೂತಿ. ಬೆಳಿಗ್ಗೆ ಅಕ್ಕನ ಮೈ ಒರೆಸಿ ಅವಳಿಗೆ ಕೊಡುವುದೆಂದು ಅವ್ವ ನಿಶ್ಚಯಿಸಿದ್ದಳು. ಬಿಷಪ್ಪರು ಚಪ್ಪಲಿ ಬಿಟ್ಟು ಒಳಗೆ ಬಂದವರೇ ಅದರೆದುರು ಮಂಡಿಯೂರಿದರು. ನಾನು ಖಾಲಿ ಜೇಬನ್ನು ಒಮ್ಮೆ ಮುಟ್ಟಿ ನೋಡಿಕೊಂಡೆ.

ಅವರು ಖಾನಾಪುರದ ಕಡೆ ಹುಟ್ಟಿದವರಂತೆ. ತುಕ್ಕು ಹಿಡಿದ ಕನ್ನಡದಲ್ಲಿ, "ತಾಯಿ, ಇದು ನಮಗ ಪ್ರಸಾದ ಅಲ್ಲರಿ. ದೇವ್ರೇ ಇದು. ಹೊಳ್ಳಿ ಒಯ್ಯಬೇಕಾಗೇದ," ಎಂದರು.

"ಕೊಟ್ಟದ್ದು ಯಾರಾದ್ರೂ ಹೊಳ್ಳಿ ಇಸ್ಕೋತಾರೇನ್ರಿ?" ಎಂದಳು ಅವ್ವ.

"ಕೊಟ್ಟಾಂವ ನಾ. ತಪ್ಪು ನಂದದ. ಹುಡುಗಂದಲ್ಲ."

"ಹುಡುಗ? ಲಗ್ನ ಮಾಡಿದ್ರ ಇಷ್ಟೊತ್ತಿಗಿ ಎರಡು ಮಕ್ಕಳ ತಂದಿ ಆಗ್ತಿದ್ದ, ಹೈವಾನ!" ಅವ್ವ ನನ್ನ ಕಡೆ ಒಮ್ಮೆ ಸಿಡುಕಿ, ಅವರತ್ತ ತಿರುಗಿದಳು. ದನಿ ಇಳಿದಿತ್ತು. "ದೇವ್ರೇ ಅಂತೀರಿ. ಜಗಲಿ ಮ್ಯಾಲ ಕುಂತ ದೇವ್ರನ ಎಬ್ಬಿಸ್ಕೊಂಡು ಹೊಂಟೀರಿ. ನನ್ನ ಮಗಳಿಗಿ ಯಾರು ಕಾಯೋರು?"

ಮೂಲೆಯಲ್ಲಿ ಮಲಗಿದ್ದ ಅಕ್ಕ ಗೋಡೆಯ ಕಡೆ ಹೊರಳಿದಳು. ಬಿಷಪ್ಪರು ಅವಳ ಕಡೆ ನೋಡಿದರು.

"ಈ ಹುಡುಗನ ಫ್ಯಾಕ್ಟರಿಯೊಳಗ ಒಬ್ಬಾಂವ ಬರದಿದ್ರ ಬದಲಿ ಆಳು ಬರ್ತಾನಲ್ಲ, ಹಂಗ ನಾ ಬರ್ತೀನಿ. ಹೆರಿಗಿ ಸುಸೂತ್ರ ಆಗೋ ತನಕ, ಪ್ರತಿ ಗುರುವಾರ."

ಅವ್ವ ಹಾಲುಸಕ್ಕರೆ ನೈವೇದ್ಯ ಮಾಡಿ, ಕಾಯಿ ಒಡೆದು, ಬಂದ ದೇವರನ್ನು ಬೀಳ್ಕೊಟ್ಟಳು. ಅವರು ಬಿಲ್ಲೆಯನ್ನು ಬೆಳ್ಳಿಯ ಪುಟ್ಟ ಡಬ್ಬಿಯಲ್ಲಿಟ್ಟು ಎದೆಗೊತ್ತಿ ಹಿಡಿದು ನಡೆದರು. ಕಾಕಾ ಮಾತ್ರ ತಿರುವಿನವರೆಗೂ ನನ್ನನ್ನು ಕಣ್ಣಲ್ಲೇ ಸುಡುತ್ತಿದ್ದ.

ಮುಂದಿನ ಗುರುವಾರ ಮಧ್ಯಾಹ್ನ ಅವರು ಬಂದರು. ಆಮೇಲೆ ಪ್ರತಿ ಗುರುವಾರವೂ ಬಂದರು. ನನ್ನ ರಾತ್ರಿ ಪಾಳಿಯ ನಿದ್ದೆ ಕೆಡಿಸಲೆಂದೇ ಬರುವಂತೆ ನನಗೆ ಕಾಣುತ್ತಿತ್ತು. ಕೈಚೀಲದಲ್ಲಿ ನಾಲ್ಕು ಸೀತಾಫಲ, ಬಿಳಿ ನಿಲುವಂಗಿಯ ತುಂಬ ಧೂಳು. ಅಕ್ಕನ ತಲೆಯ ಮೇಲೆ ಕೈಯಿಟ್ಟು ಕಣ್ಣು ಮುಚ್ಚುತ್ತಿದ್ದರು. ಆಮೇಲೆ ನೆಲದ ಮೇಲೆ ಕೂತು ಅವ್ವನ ಜೋಳದ ರೊಟ್ಟಿ. ಯಾವ ಹಳ್ಳಿಗೆ ಹೋದರೂ ಅವರ ಮೊದಲ ಮಾತು "ನೀರು ಎಲ್ಲಿಂದ ತರ್ತೀರಿ?" ಎಂಬುದಂತೆ. ಬಾವಿ ತೋಡಿಸಿದ್ದು, ಹಾಸ್ಟೆಲಿನ ಮಕ್ಕಳ ತಲೆಯ ಹೇನು ತೆಗೆದದ್ದು, ಮಳೆಯಿಲ್ಲದ ವರ್ಷ ಟ್ಯಾಂಕರಿನ ಮೇಲೆ ಕೂತು ಊರೂರು ತಿರುಗಿದ್ದು... ಎಲ್ಲ ಬೇರೆ ಯಾರೋ ಮಾಡಿದ ಹಾಗೆ ಹೇಳುತ್ತಿದ್ದರು.

ಅವರ ಬೆರಳಲ್ಲಿ ದಪ್ಪ ಉಂಗುರವಿತ್ತು. ಒಮ್ಮೆ ತಡೆಯಲಾರದೆ ಕೇಳಿದೆ: "ಅಜ್ಜಾರ, ಇದು ಯಾವ ಗ್ರಹಕ್ಕರಿ? ಶನಿಗೇನು?"

"ಲಗ್ನದ ಉಂಗುರ ಇದು. ನನ್ನ ಮಂದಿ ಜೋಡಿ ಲಗ್ನ ಆಗೇದ."

"ಅಷ್ಟೂ ಮಂದಿ ಜೋಡಿ?"

"ಅದಕ್ಕ ನೋಡು, ಮನ್ಯಾಗ ಒಂದಿನ ಕೂತಿಲ್ಲ," ಎಂದು ರೊಟ್ಟಿ ಮುರಿದರು.

ತಡವಾಗಿ ಬಂದ ದಿನ ನಾನು ಬಿಡುತ್ತಿರಲಿಲ್ಲ. "ಇಲ್ಲೇ ಚರ್ಚಿನಿಂದ ಇಲ್ಲಿತನ ಬರ್ಲಿಕ್ಕಿ ಇಷ್ಟೊತ್ತೇನ್ರಿ? ದಾರ್ಯಾಗ ನಿದ್ದಿ ಹೊಡದ್ರೇನು?" ಅವರು ನಗುತ್ತಿದ್ದರು, ಅಷ್ಟೇ.

ಅಕ್ಕನಿಗೆ ಹೆಣ್ಣು ಮಗು ಹುಟ್ಟಿತು. ಅಳು ಮೂರು ಕೋಣೆ ಆಚೆಗೂ ಕೇಳುತ್ತಿತ್ತು. ಆ ಗುರುವಾರ ಅವರು ಮಗುವನ್ನು ಎತ್ತಿಕೊಂಡಾಗ ಅದು ಉಂಗುರವಿದ್ದ ಬೆರಳನ್ನೇ ಮುಷ್ಟಿ ಕಟ್ಟಿ ಹಿಡಿಯಿತು. "ಇವತ್ತಿನಿಂದ ನಿಮಗ ಸೂಟಿ ಅಜ್ಜಾರ," ಎಂದಳು ಅವ್ವ. ಅವರು ಬಹಳ ದಣಿದಂತೆ ಕಂಡರು. ಆ ಚಳಿಗಾಲದಲ್ಲೇ ಅವರು ಔರಂಗಾಬಾದಿನಲ್ಲಿ ತೀರಿಕೊಂಡರೆಂದು ಗೆಳೆಯನಿಂದ ತಿಳಿಯಿತು. ಅಲ್ಲಿಗೆ ಯಾವಾಗ ಹೋದರೋ ಎಂದುಕೊಂಡೆವು. ಅವ್ವ ಜಗಲಿಯ ಮೇಲೆ ಆ ತಾಮ್ರದ ತಟ್ಟೆಯನ್ನು ಖಾಲಿಯೇ ಇಟ್ಟಳು, ಇವತ್ತಿಗೂ ಅದರಲ್ಲಿ ಏನನ್ನೂ ಇಡಗೊಡುವುದಿಲ್ಲ.

ಮೊನ್ನೆ ಆ ಹಣ್ಣುಗಳನ್ನು ಹಿಡಿದು ಮನೆಗೆ ಹೋಗುವ ಬದಲು ಚರ್ಚಿನ ಕಡೆ ಸೈಕಲ್ ತಿರುಗಿಸಿದೆ. ಕಾಕಾ ಈಗ ಮುದುಕ. ನನ್ನ ಗುರುತು ಹತ್ತಿದೊಡನೆ ಮೊದಲು ಜೇಬು ನೋಡಿದ, ಆಮೇಲೆ ಮುಖ. ಬಿಷಪ್ಪರಿದ್ದ ಕೋಣೆಯಲ್ಲಿ ಈಗ ಬೆಂಚುಗಳನ್ನು ಪೇರಿಸಿಟ್ಟಿದ್ದರು. ಮೆಟ್ಟಿಲ ಮೇಲೆ ಕೂತು ಇಬ್ಬರೂ ಹಣ್ಣು ತಿಂದೆವು. ಗುರುವಾರಗಳ ಮಾತು ತೆಗೆದೆ.

ಕಾಕಾ ಬೀಜ ಉಗುಳಿ, ಮರಾಠಿಯಲ್ಲಿ ಹೇಳಿದ: "ಹುಚ್ಚಾ, ಅವರು ಇಲ್ಲೆಲ್ಲಿದ್ದರು? ನಿಮ್ಮ ಮನೆಗೆ ಬಂದ ಆ ವಾರವೇ ಎದೆನೋವು ಬಂತು, ಚರ್ಚಿನವರು ಔರಂಗಾಬಾದಿಗೆ ಕರೆದುಕೊಂಡು ಹೋದರು. ಅಲ್ಲಿಂದ ಸರ್ಕಾರಿ ಎಸ್ಟಿ ಬಸ್ಸಿನಲ್ಲಿ ಬರುತ್ತಿದ್ದರು, ಬೆಳಕು ಹರಿಯುವ ಮೊದಲೇ ಹೊರಟು. ನಿಲ್ದಾಣದಲ್ಲಿ ಇಳಿಸಿಕೊಳ್ಳುತ್ತಿದ್ದವನು ನಾನೇ. ಬೇಡ ಅಂತ ಜಗಳ ಆಡಿದೆ. 'ಅವರ ಮನೆಯಿಂದ ದೇವರನ್ನ ಎಬ್ಬಿಸಿಕೊಂಡು ಬಂದಿದ್ದೇನಪ್ಪ. ಈಗ ಬದಲಿ ಆಳೂ ರಜೆ ಹಾಕಿದರೆ ಹೇಗೆ?' ಅಂದರು."