ಮಗ್ಗದ ಶೆಡ್ಡಿನ ಬಾಗಿಲಲ್ಲಿ

ಬಸ್ಸಿನಲ್ಲಿ ಪಕ್ಕ ಕುಳಿತಿದ್ದ ದಸ್ತಗೀರ ಇಚಲಕರಂಜಿಗೆ ಹೊಸಬ. ಸರಕಾರ ಅವನಿಗೆ ಪಗಾರ ಕೊಟ್ಟು ಎಮ್ಮೆ ಮಾಂಸ, ತೊಗಲಿನ ಕೆಲಸ ಕಲಿಸಿ ಇಲ್ಲಿಯ ಕಸಾಯಿಖಾನೆಗೆ ಕಳಿಸಿದೆ. ಇರಲು ಖೋಲಿ ಕೊಟ್ಟಿಲ್ಲ. ನನ್ನ ಪರಿಚಯದ ಮಗ್ಗದ ಸಾಹುಕಾರರಲ್ಲಿ ಒಂದು ಖಾಲಿ ಇತ್ತು, ಅವರ ಶೆಡ್ಡಿಗೆ ಕರೆದುಕೊಂಡು ಹೋಗಿ ಅವನ ಕೆಲಸ ಹೇಳಿದೆ.

"ಇಂಥಾ ಕೆಲಸಾನೂ ಸರಕಾರ ಕಲಸ್ತೈತೇನ್ರಿ?" ಎಂದರು ಸಾಹುಕಾರರು. "ತೊಗಲು ಸುಲಿಯೋ ಕೈ ನಮ್ಮ ಹೊಸ್ತಿಲಾ ದಾಟೂದು ಬ್ಯಾಡ."

ಅಷ್ಟರಲ್ಲಿ ಒಂದು ಮಗ್ಗ ನಿಂತಿತು. ಲಾಳಿಯನ್ನು ಹೊಡೆಯುವ ಎಮ್ಮೆ ತೊಗಲಿನ ಪಿಕರ್ ಹರಿದಿತ್ತು. ಸಾಹುಕಾರರು ದೇವರ ಫೋಟೋದ ಕೆಳಗಿನ ಕಪಾಟಿನಿಂದ ಹೊಸದೊಂದನ್ನು ತೆಗೆದು, ಕಣ್ಣಿಗೊತ್ತಿಕೊಂಡು, ತಾವೇ ಕೂಡಿಸಿದರು. ಹರಿದ ತುಂಡನ್ನು ಅವರ ಬಾಯಿಗೇ ತುರುಕಬೇಕೆನಿಸಿತು ನನಗೆ.

ಟ್ರಂಕು ಹಿಡಿದು ಹೊರಗೇ ನಿಂತಿದ್ದ ದಸ್ತಗೀರ ಎಲ್ಲ ನೋಡಿದ್ದ.

"ನಡೀರಿ," ಎಂದ. "ತೊಗಲಿಗಾದ್ರೂ ಒಳಗ ಜಾಗಾ ಸಿಕ್ಕೈತಲ್ರಿ."