‘ಹೂಂ’ ಅಂದಮಾತ್ರಕ್ಕೆ ಒಪ್ಪಿದಂತಲ್ಲ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಒಲೆಯ ಮೇಲೆ ಹಾಲು, ಪಕ್ಕದಲ್ಲಿ ಫೋನು. ಫೋನಿನೊಳಗಿನ ಯಂತ್ರ ಸಕ್ಕರೆಯಂಥ ದನಿಯಲ್ಲಿ ಆಸ್ಪತ್ರೆಯ ವಿಷಯ ಹೇಳುತ್ತಿದೆ. ಎಲ್ಲರೂ ‘ಹೂಂ ಅಕ್ಕ’ ಎಂದೇ ಕರೆಯುವ ಇವರು ಅದನ್ನು ಪರೀಕ್ಷಿಸಲು ಒಮ್ಮೆ ‘ಹೂಂ’ ಅನ್ನುತ್ತಾರೆ, ಒಮ್ಮೆ ‘ಉಹೂಂ’ ಅನ್ನುತ್ತಾರೆ, ಇನ್ನೊಮ್ಮೆ ಮೂಗಿನಲ್ಲೇ ರಾಗ ಎಳೆಯುತ್ತಾರೆ. ಯಂತ್ರ ಮೂರಕ್ಕೂ ‘ಧನ್ಯವಾದ, ನಿಮ್ಮ ಒಪ್ಪಿಗೆ ದಾಖಲಾಗಿದೆ’ ಎನ್ನುತ್ತದೆ. ಅಷ್ಟರಲ್ಲಿ ಹಾಲು ಉಕ್ಕುತ್ತದೆ.

“ನೋಡಿ, ಹಾಲಿಗೂ ಸಿಟ್ಟು ಬಂತು,” ಎಂದು, ಪತ್ರಿಕೆಗೆ ಬರೆಯಲು ಬಂದ ನನ್ನತ್ತ ನಗುತ್ತಾ ಒಲೆ ಆರಿಸುತ್ತಾರೆ.

ಬುದ್ಧಿವಂತ ಯಂತ್ರಗಳು ಜನರ ಜೊತೆ ನ್ಯಾಯವಾಗಿ ನಡೆದುಕೊಳ್ಳುತ್ತಿವೆಯೇ ಎಂದು ಪರೀಕ್ಷಿಸುವುದು, ಇಲ್ಲದಿದ್ದರೆ ಸರ್ಕಾರದ ಬೆನ್ನು ಹತ್ತಿ ನಿಯಮ ಮಾಡಿಸುವುದು ಇವರ ಕೆಲಸ. ಕಚೇರಿ ದರ್ಜಿ ಅಂಗಡಿಯ ಮೇಲಿನ ಒಂದೇ ಕೋಣೆ. ಕೆಳಗೆ ಹೊಲಿಗೆ ಯಂತ್ರ ಓಡಿದರೆ ಮೇಲೆ ಮೇಜು ನಡುಗುತ್ತದೆ. ಮೊದಲು ಇಂಥ ಯಂತ್ರಗಳಿಗೆ ಮಾತು ಕಲಿಸುವ ಕಂಪನಿಯಲ್ಲೇ ಇದ್ದರು. ಈಗಿನ ಕೆಲಸದ ಹೆಸರು ಹೇಳಿದರೆ ನೆಂಟರಿಗೆ ತಲೆಬುಡ ಅರ್ಥವಾಗುವುದಿಲ್ಲ. “ಕಂಪ್ಯೂಟರಿಗೆ ಬುದ್ಧಿ ಹೇಳೋ ಕೆಲ್ಸ ಅಂತೀನಿ. ತಕ್ಷಣ, ನಮ್ಮ ಹುಡುಗನಿಗೂ ಒಂಚೂರು ಹೇಳಮ್ಮಾ ಅಂತಾರೆ!”

ಅಕ್ಕ ಈ ‘ಹೂಂ’ ಬೆನ್ನಿಗೆ ಬಿದ್ದದ್ದು ತಮ್ಮ ಅತ್ತೆಯ ದೆಸೆಯಿಂದ. ಅತ್ತೆಯ ಕಣ್ಣಿನ ಪೊರೆ ತೆಗೆಯಲು ದಿನ ಗೊತ್ತಾಗಿತ್ತು. ಆಸ್ಪತ್ರೆಯ ಯಂತ್ರ ಫೋನು ಮಾಡಿ ಊಟ, ಔಷಧಿ, ವಾರ್ಡು ಎಂದು ಉದ್ದಕ್ಕೆ ಹೇಳುತ್ತಾ, ನಡುವೆ ‘ದಿನಾಂಕ ರದ್ದು ಮಾಡಬೇಕೇ?’ ಎಂದೂ ಕೇಳಿತು. ಕಥೆ ಕೇಳುವವರಂತೆ ಅತ್ತೆ ಎಲ್ಲದಕ್ಕೂ ಹೂಂಗುಟ್ಟಿದರು. ಖಾಲಿ ಹೊಟ್ಟೆಯಲ್ಲಿ ಆಸ್ಪತ್ರೆಗೆ ಹೋದರೆ ಅವರ ಹೆಸರೇ ಇಲ್ಲ.

“ಯಾರಾದ್ರೂ ಮಾತಾಡ್ತಿದ್ರೆ ಬಾಯಿ ಮುಚ್ಕೊಂಡು ಇರೋಕಾಗುತ್ತಾ? ಫೋನು ಕಟ್ಟಾಯ್ತು ಅನ್ಕೊಳ್ಳಲ್ವಾ, ಪಾಪ?” ಅತ್ತೆ ಇಂದಿಗೂ ಯಂತ್ರದ ಪರ.

ಮತ್ತೆ ಸರದಿ ಬರುವಷ್ಟರಲ್ಲಿ ಅತ್ತೆಗೆ ಉಪ್ಪು ಯಾವುದು, ಸಕ್ಕರೆ ಯಾವುದು ಎಂದು ಕಾಣದಂತಾಗಿತ್ತು. ಇದನ್ನು ಹೇಳುವಾಗ ಮಾತ್ರ ಅಕ್ಕನ ನಗು ಮಾಯ. “ಯಂತ್ರ ತಪ್ಪು ಮಾಡ್ತು, ಸರಿ. ಆದ್ರೆ ಆಸ್ಪತ್ರೆಯವ್ರು ‘ನಿಮ್ಮವರೇ ಒಪ್ಪಿದ್ರಲ್ಲ’ ಅಂದ್ರು ನೋಡಿ, ಹೊಟ್ಟೆ ಉರೀತು.”

ಅದೇ ಯಂತ್ರ ಈಗ ಎಲ್ಲ ಸರ್ಕಾರಿ ಆಸ್ಪತ್ರೆಗಳಿಗೂ ಬರಲಿದೆ. ಅದರ ನಿಯಮಗಳಲ್ಲಿ ಅಕ್ಕನಿಗೆ ಬೇಕಿರುವುದು ಒಂದೇ ಸಾಲು: ದಿನಾಂಕ ರದ್ದು ಮಾಡುವ ಮುಂಚೆ ಮನುಷ್ಯರೊಬ್ಬರು ಫೋನು ಮಾಡಿ ಕೇಳಬೇಕು. ಇದಕ್ಕಾಗಿ ನಿಯಮ ರೂಪಿಸುವ ಸರ್ಕಾರಿ ಸಮಿತಿಯ ಮೆಟ್ಟಿಲು ಹತ್ತಿ ಇಳಿದು ಚಪ್ಪಲಿ ಸವೆದಿದೆ. ಇವತ್ತು ಕೊನೆಯ ವಿಚಾರಣೆ. ಇವತ್ತು ತಪ್ಪಿದರೆ ತಪ್ಪಿತು.

ಸಭೆಯಲ್ಲಿ ಆ ಯಂತ್ರ ಮಾಡಿದ ಕಂಪನಿಯ ವಕೀಲರು ಮೊದಲು ಎದ್ದು ನಿಲ್ಲುತ್ತಾರೆ. ಖರ್ಚು ಜಾಸ್ತಿ, ಕೆಲಸ ನಿಧಾನ, ಅಷ್ಟಕ್ಕೂ ‘ಹೂಂ’ ಅಂದರೆ ಹೌದು ಅಂತ ನಿಘಂಟಿನಲ್ಲೇ ಇದೆ! ಸಮಿತಿಯ ಅಧ್ಯಕ್ಷರು ಕನ್ನಡಕ ಒರೆಸುತ್ತಾ “ಹೂಂ... ಹೂಂ...” ಎನ್ನುತ್ತಿದ್ದಾರೆ. ಅಕ್ಕನ ಮುಖ ಸಣ್ಣದಾಗುತ್ತದೆ. ವಕೀಲರಿಗೆ ಹುರುಪು ಏರುತ್ತದೆ.

“ಹಾಗಾದ್ರೆ ತಾವು ಒಪ್ಪಿದಂಗಾಯ್ತು ಸಾರ್. ಆ ಸಾಲು ಬೇಡ ಅಂತ ಬರೆಸೋಣವಾ?”

“ನಾನೆಲ್ರೀ ಒಪ್ಪಿದೆ? ಕೇಳಿಸ್ಕೋತಿದೀನಿ ಅಂತ ಹೂಂ ಅಂದೆ ಅಷ್ಟೇ!”

ಕೋಣೆ ತುಂಬ ನಗು. ಹೇಳಿದ್ದೇನೆಂದು ಹೊಳೆದು ಅಧ್ಯಕ್ಷರೂ ನಗುತ್ತಾರೆ, ಕೊನೆಗೆ ಪಾಪ ವಕೀಲರೂ. ಅಕ್ಕ ತುಟಿ ಕಚ್ಚಿಕೊಂಡು ಸೂರು ನೋಡುತ್ತಿದ್ದಾರೆ. ತಿಂಗಳುಗಟ್ಟಲೆ ತಯಾರಿ ಮಾಡಿದ ಭಾಷಣ ಚೀಲದಲ್ಲೇ ಉಳಿಯುತ್ತದೆ, ಸಾಲು ಮಾತ್ರ ನಿಯಮದೊಳಗೆ ಹೋಗುತ್ತದೆ. ನನಗಂತೂ ಎದ್ದು ಚಪ್ಪಾಳೆ ತಟ್ಟುವಷ್ಟು ಖುಷಿ.

ಸಂಜೆ ಅಕ್ಕನ ಮನೆಯಲ್ಲಿ ಅವರ ಅತ್ತೆಗೆ ನಾನು ಬರೆದ ಇಷ್ಟನ್ನೂ ಓದಿ ಹೇಳುತ್ತೇನೆ. ಈಗ ಅವರ ಕಣ್ಣು ಚೆನ್ನಾಗಿದೆ. ನನ್ನ ಅಂಗಿಯ ಗುಂಡಿ ಬಿಚ್ಚಿರುವುದನ್ನೂ ಕಂಡು ಹೇಳುತ್ತಾರೆ.

“ನಿಮ್ಮ ವಿಷಯಾನೂ ಪತ್ರಿಕೇಲಿ ಹಾಕ್ಲಾ ಅಮ್ಮಾ?”

“ಹೂಂ.”

“ಯಾವ ಹೂಂ ಅತ್ತೆ ಅದು?” ಅಡುಗೆಮನೆಯಿಂದ ಸೊಸೆಯ ಕೂಗು.

“ಒಪ್ಪಿದ ಹೂಂ ಕಣೇ! ಹಂಗೇ ಆ ಯಂತ್ರಕ್ಕೂ ಒಂದು ಫೋನು ಮಾಡು, ಬೇಜಾರು ಮಾಡ್ಕೋಬೇಡ ಅಂತ ಹೇಳ್ಬೇಕು ನಾನು.”